ಹೇತು ಬಿದ್ದಮಾತ್ರಕ್ಕೆ ಮಾತು ಸುಳ್ಳಾಗದು

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡತ್ತೆಯ ಆಶೀರ್ವಾದಗಳು.

ಹೋದ ಭಾನುವಾರ ನೀನೂ ನಿನ್ನಪ್ಪನೂ ಬೋರ್‌ವೆಲ್ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ದನ್ನು ಕೇಳಿಸಿಕೊಂಡೇ ಕೂತಿದ್ದೆ. ಎಲ್ಲರ ಮುಂದೆ ನಡುವೆ ಬಾಯಿ ಹಾಕುವುದು ಬೇಡವೆನಿಸಿತು, ಅದಕ್ಕೇ ಈ ಕಾಗದ. ಪಕ್ಕದ ಸೈಟಿನಲ್ಲಿ ನೆಲಮಾಳಿಗೆಗೆಂದು ಆಳವಾಗಿ ಅಗೆದರು, ಅದಾದ ಮೇಲೆ 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿತು, ಆದ್ದರಿಂದ ಅಗೆದದ್ದೇ ಕಾರಣ ಎಂದು ಅವನ ವಾದ. ‘ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ’ ಎಂದು ನೀನು. ಒಂದರ ಹಿಂದೆ ಇನ್ನೊಂದು ನಡೆಯಿತು ಅಂದಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ ಎಂದು ಹಿಡಿದೆಯಲ್ಲ, ಅದು ಸರಿ. ಕಾನೂನು ಓದುವ ಹುಡುಗಿಗೆ ಈ ಚುರುಕು ಇರಲೇಬೇಕು. ಆದರೆ ಅಷ್ಟಕ್ಕೆ ನಿಲ್ಲದೆ ‘ಅಂದಮೇಲೆ ಆ ಕಟ್ಟಡಕ್ಕೂ ನಮ್ಮ ನೀರಿಗೂ ಸಂಬಂಧವೇ ಇಲ್ಲ’ ಅಂದೆ. ನಿನ್ನಪ್ಪ ಸುಮ್ಮನಾದ. ಆ ಮಾತನ್ನು ಹಾಗೇ ಬಿಡಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ನೀನು ತೋರಿಸಿದ್ದು ಇಷ್ಟು: ಅವನು ಕೊಟ್ಟ ಕಾರಣ ಸಾಲದು. ಅವನು ಹೇಳಿದ ವಿಷಯ ಸುಳ್ಳು ಎಂದು ನೀನು ತೋರಿಸಲಿಲ್ಲ. ಇವೆರಡರ ನಡುವೆ ಬಹಳ ದೂರವಿದೆ ಮಗು, ಜಾಣರು ಎಡವುವುದು ಅಲ್ಲಿಯೇ.

8ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರ ಒಂದು ಉದಾಹರಣೆ ಕೊಡುತ್ತಾನೆ. ಮಾಂಸ ಸುಡಲೆಂದು ಆಗಷ್ಟೇ ಬೆಂಕಿ ಹೊತ್ತಿಸಿದ್ದಾರೆ, ಇನ್ನೂ ಹೊಗೆ ಎದ್ದಿಲ್ಲ. ವಾಸನೆಗೆ ಹುಳಗಳ ಹಿಂಡು ಮೇಲೆ ಮುತ್ತಿದೆ. ದೂರದಲ್ಲಿ ನಿಂತವನು ಆ ಹಿಂಡನ್ನೇ ಹೊಗೆಯೆಂದು ತಿಳಿದು ‘ಅಲ್ಲಿ ಬೆಂಕಿಯಿದೆ’ ಎನ್ನುತ್ತಾನೆ. ಅವನ ಹೇತು, ಅಂದರೆ ಅವನು ಕೊಡುವ ಕಾರಣ, ಪೂರ್ತಿ ತಪ್ಪು. ಬೆಂಕಿ ಮಾತ್ರ ಅಲ್ಲಿ ಇದ್ದೇ ಇದೆ! ನಿಜವಾದ ನಂಬಿಕೆಯೆಲ್ಲ ಜ್ಞಾನವಲ್ಲ ಎಂದು ತೋರಿಸಲು ಅವನು ಇದನ್ನು ಹೇಳಿದ್ದು. ಪಶ್ಚಿಮದಲ್ಲಿ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಲೇಖನ ಬರೆದು ಇದೇ ತೊಡಕನ್ನು ಎತ್ತಿದಾಗ ತತ್ತ್ವಶಾಸ್ತ್ರಜ್ಞರು ದಶಕಗಟ್ಟಲೆ ತಲೆ ಕೆಡಿಸಿಕೊಂಡರು. ನಾನು ಅದನ್ನು ಇನ್ನೊಂದು ಬದಿಯಿಂದ ನೋಡು ಎನ್ನುತ್ತೇನೆ. ‘ನೀನು ಕಂಡದ್ದು ಹೊಗೆಯಲ್ಲ, ಹುಳ’ ಎಂದು ಆ ಮನುಷ್ಯನನ್ನು ಸೋಲಿಸಿ, ಬೆಂಕಿಯೇ ಇಲ್ಲವೆಂದುಕೊಂಡು ನಡೆದುಹೋದವನು ಕಾಲು ಸುಟ್ಟುಕೊಳ್ಳುತ್ತಾನೆ.

ಬೋರ್‌ವೆಲ್ಲಿಗೇ ಬರೋಣ. ಆಳವಾಗಿ ಅಗೆದಾಗ ಗುಂಡಿಗೆ ಒಸರುವ ನೀರನ್ನು ಹಗಲೂ ರಾತ್ರಿ ಪಂಪು ಹಚ್ಚಿ ಚರಂಡಿಗೆ ಬಿಡುತ್ತಾರೆ. ಅದರಿಂದ ಸುತ್ತಲಿನ ಅಂತರ್ಜಲ ಇಳಿಯುವುದುಂಟು. ಹಾಗಂತ ಅದೊಂದೇ ಕಾರಣ ಎನ್ನಲಾಗದು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿತ್ತು. ಮರುಬೇಸಿಗೆಯಲ್ಲಿ ಊರಿನ ತುಂಬ ಬೋರ್‌ವೆಲ್‌ಗಳು ಬತ್ತಿದವು, ಅಗೆತವೇ ಇಲ್ಲದ ಬೀದಿಗಳಲ್ಲೂ. ‘ಎದುರುಮನೆಯವರ ಬೋರ್‌ನಲ್ಲಿ ನೀರಿತ್ತಲ್ಲ’ ಎಂದೆಯಲ್ಲ, ಅದೂ ನಿಲ್ಲುವುದಿಲ್ಲ. ಬೆಂಗಳೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಹರಿಯುವುದು ಅದರ ಬಿರುಕುಗಳಲ್ಲಿ. ಒಂದೇ ಬೀದಿಯಲ್ಲಿ ಒಬ್ಬರ ಬೋರ್ ತುಂಬಿ ಬಂದು ಪಕ್ಕದವರದ್ದು ಒಣಗುವುದು ಇಲ್ಲಿ ಮಾಮೂಲು.

ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ, ಪಂಡಿತರಾದ ನೈಯಾಯಿಕರು ಇಂಥ ಕಡೆ ‘ಉಪಾಧಿ’ಯನ್ನು, ಎಂದರೆ ಒಳಗೇ ಅಡಗಿರುವ ಷರತ್ತನ್ನು, ಹುಡುಕು ಎನ್ನುತ್ತಾರೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ, ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೇ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಲು ಹಸಿ ಸೌದೆ ಬೇಕು. ಆ ಹಸಿ ಸೌದೆಯೇ ಉಪಾಧಿ. ನಿಮ್ಮ ವಿಷಯದಲ್ಲಿ ಬಂಡೆಯ ಬಿರುಕು ಆ ಗುಂಡಿಗೂ ನಿಮ್ಮ ಬೋರ್‌ಗೂ ಕೂಡಿಕೊಂಡಿದೆಯೇ ಎಂಬುದು ಉಪಾಧಿ. ಪಂಪು ನಿಂತ ಮೇಲೆ ನೀರು ಮೇಲೆ ಬಂತೇ, ಅಗೆಯುವ ಮುಂಚಿನ ಬೇಸಿಗೆಗಳಲ್ಲಿ ಎಷ್ಟು ಅಡಿಗೆ ನೀರಿತ್ತು, ಅಪ್ಪನ ಹತ್ತಿರ ಬೋರ್ ಕೊರೆಸಿದ ದಿನದ ಚೀಟಿ ಇದೆಯೇ? ಇದನ್ನೆಲ್ಲ ನೀನು ಕೇಳಲೇ ಇಲ್ಲ.

ಹಾಗಾದರೆ ‘ನಿಜ’ ಅಂದರೇನು ಎಂದು ನೀನು ಕೇಳಿಯೇ ಕೇಳುತ್ತೀಯ. ನನಗೆ ಈ ವಯಸ್ಸಿಗೂ ಹಿಡಿಸುವುದು ಹಳೆಯ ಉತ್ತರವೇ. ಇರುವುದನ್ನು ಇದೆಯೆಂದೂ ಇಲ್ಲದ್ದನ್ನು ಇಲ್ಲವೆಂದೂ ಹೇಳುವುದು ನಿಜ ಎಂದ ಅರಿಸ್ಟಾಟಲ್. ತರ್ಕ ಕಲಿಯುವವರ ಮೊದಲ ಪುಸ್ತಕವಾದ ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಯಥಾರ್ಥಾನುಭವದ, ಅಂದರೆ ಸರಿಯಾದ ತಿಳಿವಿನ, ಲಕ್ಷಣವೂ ಹೆಚ್ಚುಕಡಿಮೆ ಇದೇ: ಬೆಳ್ಳಿಯನ್ನು ಬೆಳ್ಳಿಯೆಂದು ತಿಳಿದರೆ ಯಥಾರ್ಥ, ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿದರೆ ಅಲ್ಲ. ಮಧ್ವರೂ ಪ್ರಮಾಣವೆಂದರೆ, ಅಂದರೆ ನಂಬತಕ್ಕ ಅರಿವೆಂದರೆ, ಯಥಾರ್ಥ ಎಂದೇ ಹೇಳಿದರು. ವಸ್ತು ಹೇಗಿದೆಯೋ ಹಾಗೆ ತಿಳಿಯಬೇಕು, ಅಷ್ಟೆ.

ಬೇರೆ ಉತ್ತರಗಳೂ ಇವೆ. ನಮ್ಮ ಎಲ್ಲ ನಂಬಿಕೆಗಳ ಜೊತೆ ಒಂದಕ್ಕೊಂದು ಹೊಂದಿಕೊಂಡರೆ ಅದೇ ನಿಜ ಎನ್ನುವವರಿದ್ದಾರೆ. ನಂಬಿ ನಡೆದಾಗ ಫಲ ಕೊಡುವುದೇ ನಿಜ ಎಂಬರ್ಥದ ಮಾತನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1907ರಲ್ಲಿ ಆಡಿದ. ಎರಡೂ ಉಪಯೋಗದ ಮಾತೇ. ಮೂವರು ಸಾಕ್ಷಿಗಳ ಹೇಳಿಕೆ ತಾಳೆಯಾಗುತ್ತದೆಯೇ ಎಂದು ನಾಳೆ ನ್ಯಾಯಾಲಯದಲ್ಲಿ ನೀನೂ ನೋಡಲೇಬೇಕು. ಆದರೆ ಮೂವರೂ ಕೂತು ಮೊದಲೇ ಮಾತಾಡಿಕೊಂಡು ಬಂದಿದ್ದರೆ? ತಾಳೆ ಇನ್ನೂ ಚೆನ್ನಾಗಿಯೇ ಆಗುತ್ತದೆ. ಬಿಸಿಲ್ಗುದುರೆಯೋ ನೀರೋ ತಿಳಿಯಬೇಕಾದರೆ ಹತ್ತಿರ ಹೋಗಿ ಕುಡಿದು ನೋಡಬೇಕೆಂದು ನ್ಯಾಯಶಾಸ್ತ್ರವೂ ಹೇಳುತ್ತದೆ. ಆದರೆ ಕುಡಿದಾಗ ಬಾಯಾರಿಕೆ ತೀರಿತೆಂದು ಅದು ನೀರಾಗಲಿಲ್ಲ. ಅದು ನೀರಾಗಿದ್ದರಿಂದ ಬಾಯಾರಿಕೆ ತೀರಿತು. ಪರೀಕ್ಷೆಯನ್ನೇ ಸತ್ಯವೆಂದುಕೊಳ್ಳಬೇಡ.

ನಮ್ಮ ಮನೆಗೆ ಹತ್ತಿರದ್ದೇ ಒಂದು ಹೇಳುತ್ತೇನೆ. ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ವರ್ಷದಲ್ಲಿ ಅದೊಂದೇ ದಿನ ಹಾಗಾಗುತ್ತದೆ ಎಂದು ಜನ ನಂಬುತ್ತಾರೆ. ಎಲ್ಲರ ಮಾತೂ ಹೊಂದುತ್ತದೆ. ಆ ದಿನ ಹೋದವರಿಗೆ ಮೋಡವಿಲ್ಲದಿದ್ದರೆ ದರ್ಶನವೂ ಆಗುತ್ತದೆ. ಆದರೆ ಸೂರ್ಯ ಅತಿ ದಕ್ಷಿಣಕ್ಕೆ ಹೋಗುವುದು ಡಿಸೆಂಬರ್ 21-22ಕ್ಕೆ. ಜನವರಿ 14 ಅದಾದ ಸುಮಾರು 24 ದಿನಕ್ಕೆ. ಅಷ್ಟೇ ದಿನ ಹಿಂದಕ್ಕೆ, ನವೆಂಬರ್ ಕೊನೆಯ ಹೊತ್ತಿಗೆ, ದಕ್ಷಿಣಕ್ಕೆ ಇಳಿಯುತ್ತಿರುವ ಸೂರ್ಯ ಹೆಚ್ಚುಕಡಿಮೆ ಅದೇ ಹಾದಿಯಲ್ಲಿ ಮುಳುಗುತ್ತಾನೆ. ಆಗಲೂ ಕಿರಣ ಒಳಗೆ ಬರುತ್ತದೆ, ಜನಸಂದಣಿ ಮಾತ್ರ ಇರುವುದಿಲ್ಲ. ಹೀಗೆಂದು ತಿಳಿದ ಕೂಡಲೇ ‘ಎಲ್ಲ ಬರೀ ಕಟ್ಟುಕಥೆ’ ಎಂದು ಹೊರಡುವವರೂ ಇದ್ದಾರೆ. ಅವರದ್ದೂ ನೀನು ಮಾಡಿದ ತಪ್ಪೇ. ಬಿದ್ದುಹೋಗಿದ್ದು ‘ಅದೊಂದೇ ದಿನ’ ಎಂಬ ಭಾಗ. ಕಿರಣ ಬೀಳುವುದು ಈಗಲೂ ನಿಜ, ಕಣ್ತುಂಬ ನೋಡತಕ್ಕದ್ದು.

ಇಲ್ಲಿಯೇ ನ್ಯಾಷನಲ್ ಕಾಲೇಜಿನಲ್ಲಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದರು. ನನಗೆ ಅದರಲ್ಲಿ ದೊಡ್ಡದೆನಿಸುವುದು ‘ಪರೀಕ್ಷೆ’ ಎಂಬುದೇ. ಕುರ್ಚಿಯಲ್ಲಿ ಕೂತು ಎದುರಿನವರ ವಾದದ ತಪ್ಪು ಎಣಿಸಿ ಮುಗಿಸಲಿಲ್ಲ. ಎದುರಿಗೆ ಮಾಡಿ ತೋರಿಸಿ, ನೋಡುತ್ತೇವೆ ಎಂದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ನಾಡಿನಲ್ಲಿ ಅದು ಸಹಜವಾಗಬೇಕಿತ್ತು, ಆದರೆ ಅದಕ್ಕೂ ಧೈರ್ಯ ಬೇಕಾಯಿತು.

ನ್ಯಾಯಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ. ನಿಜವನ್ನು ತಿಳಿಯಲು ಇಬ್ಬರೂ ಕೂಡಿ ನಡೆಸುವುದು ವಾದ. ಹೇಗಾದರೂ ಗೆಲ್ಲಬೇಕೆಂದು ಆಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವರದ್ದನ್ನು ಬರೀ ಕೆಡವುವುದು ವಿತಂಡ. ಕಾಲೇಜಿನ ಚರ್ಚಾಸ್ಪರ್ಧೆಗಳು ಜಲ್ಪವನ್ನು ಚೆನ್ನಾಗಿ ಕಲಿಸುತ್ತವೆ, ಬಹುಮಾನವನ್ನೂ ಕೊಡುತ್ತವೆ. ನೀನು ಗೆದ್ದು ತಂದ ಕಪ್ಪುಗಳನ್ನು ಕಂಡು ನನಗೂ ಹೆಮ್ಮೆ. ಆದರೆ ಮನೆಯಲ್ಲಿ, ಅದೂ ನೀರಿಗೆ ಒದ್ದಾಡುವ ಅಪ್ಪನ ಎದುರು, ಅದು ಸಲ್ಲದು.

ಒಂದು ಕೆಲಸ ಹೇಳುತ್ತೇನೆ, ಮಾಡು. ನಮ್ಮ ಶಾಸ್ತ್ರಕಾರರು ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಮೊದಲು ಬರೆದು, ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಅಪ್ಪನ ಬೋರ್‌ವೆಲ್ ವಾದವನ್ನು ಅವನಿಗಿಂತ ಗಟ್ಟಿಯಾಗಿ, ಅವನ ಬಳಿಯಿರುವ ಅಡಿಲೆಕ್ಕ, ತಾರೀಖು ಎಲ್ಲ ಕೇಳಿ ಸೇರಿಸಿ, ಒಂದು ಪುಟ ಬರೆ. ಅವನಿಗೆ ಓದಿ ಹೇಳು. ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಅವನು ಒಪ್ಪಿದ ಮೇಲೆ ನಿನ್ನ ಆಕ್ಷೇಪಗಳನ್ನು ಬರೆದು ಎರಡನ್ನೂ ನನಗೆ ಕಳಿಸು. ತರ್ಕಸಂಗ್ರಹದ ಪ್ರತಿಯನ್ನು ನಿನಗೆಂದು ತೆಗೆದಿಟ್ಟಿದ್ದೇನೆ. ಮೊದಲು ಹೇತ್ವಾಭಾಸದ, ಅಂದರೆ ಸರಿಯೆಂಬಂತೆ ತೋರುವ ತಪ್ಪು ಹೇತುಗಳ, ಭಾಗ ಓದು, ಅರ್ಥವಾಗದ್ದಕ್ಕೆ ಗುರುತು ಹಾಕಿಕೊಂಡು ಬಾ.

ಇಂತಿ,
ನಿನ್ನ ದೊಡ್ಡತ್ತೆ