ಉ, ಅನ್ನು, ಇಂದ, ಗೆ

ಆಕ್ಸ್‌ಫರ್ಡ್
ಶುಕ್ರವಾರ ರಾತ್ರಿ

ಪ್ರೀತಿಯ ಅಪ್ಪ,

ಮಗಳು ಲ್ಯಾಟಿನ್ ಪಾಠ ಮಾಡುತ್ತಾಳೆ ಅಂತ ನೀವು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೀರಂತೆ, ಅಮ್ಮ ಫೋನಿನಲ್ಲಿ ಹೇಳಿದಳು. ಇಲ್ಲಪ್ಪ, ಪಾಠ ಮಾಡುವ ಟೀಚರ್ ಬೇರೆ. ನಾನು ಹಿಂದೆ ಕೂತು ಓದಲು ತಡವರಿಸುವ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಅಷ್ಟೇ.

ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ 2014ರಿಂದ ಏಳರಿಂದ ಹನ್ನೊಂದು ವರ್ಷದ ಮಕ್ಕಳು ಇನ್ನೊಂದು ಭಾಷೆ ಕಲಿಯಲೇಬೇಕು. ಅದು ಹಳೇ ರೋಮನ್ನರ ಲ್ಯಾಟಿನ್ ಆದರೂ ನಡೆಯುತ್ತದೆ. ಲ್ಯಾಟಿನ್ ಬಂದರೆ ಇಂಗ್ಲಿಷ್ ಓದೂ ಸಲೀಸಾಗುತ್ತದೆ ಅಂತ ಇವರ ಲೆಕ್ಕ. 'ಪೋರ್ಟೋ' ಅಂದರೆ ಹೊರುತ್ತೇನೆ ಅಂತ ಒಮ್ಮೆ ಹೇಳಿಕೊಟ್ಟರೆ ಟ್ರಾನ್ಸ್‌ಪೋರ್ಟ್, ಇಂಪೋರ್ಟ್, ಪೋರ್ಟಬಲ್ ಅಂತ ಮಕ್ಕಳೇ ಹುಡುಕುತ್ತಾರೆ. ನನಗೆ ಅರಸೀಕೆರೆ ಸ್ಟೇಷನ್ನಿನ ಪೋರ್ಟರ್ ನೆನಪಾದ! ಅದೇ ಹೊತ್ತಿನಲ್ಲಿ ಸುಮ್ನೆ ಇಂಗ್ಲಿಷ್ ಕಥೆ ಓದಿಸಿದ್ದರೂ ಅಷ್ಟೇ ಲಾಭ ಆಗುತ್ತಿತ್ತೋ ಏನೋ, ಆ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಆದರೆ ಮಂಗಳವಾರ ಒಂದು ತಮಾಷೆ ಆಯಿತು. ಬೋರ್ಡಿನ ಮೇಲೆ 'ಪುಯೆಲ್ಲಾ ಕನೆಮ್ ವಿಡೆಟ್' ಅಂತ ಬರೆದರು, ಹುಡುಗಿ ನಾಯಿಯನ್ನು ನೋಡುತ್ತಾಳೆ ಅಂತ. ಆಮೇಲೆ ಮೊದಲೆರಡು ಪದ ಅದಲುಬದಲು ಮಾಡಿ, ಈಗ ಯಾರು ಯಾರನ್ನು ನೋಡುತ್ತಿದ್ದಾರೆ ಅಂದರು. ನಾಯಿ ಹುಡುಗಿಯನ್ನು, ಅಂತ ಇಡೀ ಕ್ಲಾಸು ಕೂಗಿತು, ಇಂಗ್ಲಿಷಿನಲ್ಲಿ ಹಾಗೇ ತಾನೇ. ನನ್ನ ಪಕ್ಕದ ಹುಡುಗ ಮಾತ್ರ ತಲೆ ಅಲ್ಲಾಡಿಸಿದ. ಅವನು ಈ ದೇಶಕ್ಕೆ ಬಂದು ವರ್ಷವೂ ಆಗಿಲ್ಲ, ಇಂಗ್ಲಿಷ್ ಪುಸ್ತಕ ಕೊಟ್ಟರೆ ಮುಖ ಬಾಡುತ್ತದೆ. ಪೆನ್ಸಿಲ್ ಮೊನೆಯನ್ನು 'ಕನೆಮ್'ನ ಕೊನೆಯ 'ಎಮ್' ಮೇಲೆ ಇಟ್ಟು ನನ್ನ ಕಡೆ ನೋಡಿದ. ಅಪ್ಪ, ಅದು ನಮ್ಮ 'ಅನ್ನು' ಅಲ್ವಾ! ಪದ ಎಲ್ಲಿ ಕೂತರೂ ಬಾಲ ನೋಡಿದರೆ ಸಾಕು. 'ಉ, ಅನ್ನು, ಇಂದ, ಗೆ' ಅಂತ ನೀವು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದು ಯಾಕೆ ಅಂತ ನನಗೆ ಮೂವತ್ತೆಂಟನೇ ವಯಸ್ಸಿನಲ್ಲಿ, ಅದೂ ಇಲ್ಲಿ ಕೂತು, ಗೊತ್ತಾಯಿತು.

ಲ್ಯಾಟಿನ್ನು ಬರೆದ ಹಾಗೇ ಓದುವ ಭಾಷೆ, ಕನ್ನಡದ ಥರ. ಅದಕ್ಕೇ ಆ ಹುಡುಗ ಗಟ್ಟಿಯಾಗಿ ಓದುತ್ತಾನೆ. ಮೇಲಾಗಿ ಈ ಒಂದು ಪಿರಿಯಡ್‌ನಲ್ಲಿ ಎಲ್ಲರೂ ಹೊಸಬರೇ, ಅವನೊಬ್ಬನೇ ಹಿಂದೆ ಬಿದ್ದವನಲ್ಲ.

ಹಾಂ, ಇನ್ನೊಂದು. ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಅನ್ನುವ ಕಡೆ ರೋಮನ್ ಕೋಟೆಯ ಮಣ್ಣಿನಲ್ಲಿ ತೆಳ್ಳಗಿನ ಮರದ ಹಲಗೆಗಳ ಮೇಲೆ ಲ್ಯಾಟಿನ್ನಿನಲ್ಲಿ ಬರೆದ ಕಾಗದಗಳು ಸಿಕ್ಕಿವೆ. ಸುಮಾರು ಕ್ರಿ.ಶ. 100ರ ಹೊತ್ತಿನವು. ಒಂದರಲ್ಲಿ ಕ್ಲಾಡಿಯಾ ಸೆವೆರಾ ಅನ್ನುವವಳು ಸೆಪ್ಟೆಂಬರ್ 11ಕ್ಕೆ ನನ್ನ ಹುಟ್ಟುಹಬ್ಬ, ಬಾ ಅಂತ ಗೆಳತಿಯನ್ನು ಕರೆದಿದ್ದಾಳೆ. ಕಾಗದ ಬೇರೆಯವರ ಕೈಲಿ ಬರೆಸಿ, ಕೊನೆಯ ಸಾಲುಗಳನ್ನು ಮಾತ್ರ ತಾನೇ ಬರೆದಿದ್ದಾಳಂತೆ. ಮಕ್ಕಳು ಐಸ್‌ಕ್ಯಾಂಡಿ ಕಡ್ಡಿಗಳ ಮೇಲೆ ಅದೇ ಥರ ಬರೆದರು, ಮೇಜೆಲ್ಲ ಇಂಕು, ಒರೆಸಿದ್ದು ನಾನೇ.

ನಿಮ್ಮ ಕಣ್ಣಿನ ಆಪರೇಷನ್ ಆದ ಮೇಲೆ ಕಾಗದವೆಲ್ಲ ಅಮ್ಮನ ಅಕ್ಷರದಲ್ಲೇ ಬರುತ್ತಿದೆ. ಮುಂದಿನ ಸಲ ಕೊನೆಯ ಎರಡು ಸಾಲು ನೀವೇ ಬರೆಯಿರಿ. ಸೊಟ್ಟಗಿದ್ದರೂ ಪರವಾಗಿಲ್ಲ.

ನಿಮ್ಮ ಮಗಳು