ಗೇಮ್ ಸುದ್ದಿ ವಾಣಿಜ್ಯ ಪುಟಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಮೊಬೈಲ್ ಗೇಮ್ ಪತ್ರಿಕೆಯಲ್ಲಿ ಸುದ್ದಿಯಾಗುವುದು ಹೆಚ್ಚಾಗಿ ಯಾವುದೋ ಹುಡುಗ ಮನೆ ಬಿಟ್ಟು ಹೋದಾಗ, ಇಲ್ಲವೇ ಸರ್ಕಾರ ಯಾವುದಾದರೂ ಆಟವನ್ನು ನಿಷೇಧಿಸಿದಾಗ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷದಿಂದ ರೀಚಾರ್ಜ್, ರಿಪೇರಿ ಅಂಗಡಿ ನಡೆಸುತ್ತಿರುವ ನನಗೆ ಅದು ಅರ್ಧ ಸುದ್ದಿ. ಉಳಿದರ್ಧ ದುಡ್ಡಿನದು.

ಮೊನ್ನೆ ಸಂಜೆ ಪಿಯುಸಿ ಹುಡುಗನೊಬ್ಬ ನಾಲ್ಕು ಇಪ್ಪತ್ತರ ನೋಟು, ಎರಡು ಹತ್ತರ ನಾಣ್ಯ ಕೌಂಟರ್ ಮೇಲಿಟ್ಟು ಗೂಗಲ್ ಆ್ಯಪ್ ಸ್ಟೋರಿನಲ್ಲಿ ಹಣದಂತೆ ಬಳಸುವ ನೂರರ ರಿಡೀಮ್ ಕೋಡ್ ಕೇಳಿದ. ಕೋಡ್ ಬಂದ ಕೂಡಲೇ ಅಲ್ಲೇ ನಿಂತು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಟೈಪ್ ಮಾಡಿ, ಡೈಮಂಡ್, ಅಂದರೆ ಆಟದೊಳಗೆ ನಡೆಯುವ ದುಡ್ಡು, ಕೊಂಡ. ಮೆಟ್ಟಿಲು ಇಳಿಯುವಷ್ಟರಲ್ಲಿ ನೂರು ರೂಪಾಯಿ ಖಾಲಿ. ನನಗೆ ಸಿಕ್ಕಿದ್ದು ಎರಡು ರೂಪಾಯಿ ಕಮಿಷನ್.

ಫೋನಿನಲ್ಲಿ ಆಟ ಮಾರುವವರು ಬಹುತೇಕ ಗೂಗಲ್ ಅಥವಾ ಆಪಲ್ ಸ್ಟೋರ್ ಬಾಗಿಲಿನಿಂದಲೇ ಒಳಗೆ ಬರಬೇಕು. ದೊಡ್ಡ ಗೇಮ್ ಕಂಪನಿಗಳ ವ್ಯಾಪಾರದಲ್ಲಿ ನೂರಕ್ಕೆ ಮೂವತ್ತು ಮುರಿದುಕೊಳ್ಳುವುದು ಅಲ್ಲಿ ವರ್ಷಗಳಿಂದ ನಡೆದುಬಂದ ವಾಡಿಕೆ. ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ 2020ರ ಆಗಸ್ಟ್‌ನಲ್ಲಿ ಇಬ್ಬರ ಮೇಲೂ ಕೋರ್ಟಿಗೆ ಹೋದದ್ದು ಈ ಮೂವತ್ತರ ಜಗಳಕ್ಕೇ.

ಫೋನ್ ವ್ಯಾಪಾರದಲ್ಲಿ ಸೋತ ಮೈಕ್ರೋಸಾಫ್ಟ್‌ಗೆ ಇಂಥ ಬಾಗಿಲಿರಲಿಲ್ಲ. 2022ರ ಜನವರಿಯಲ್ಲಿ ಅದು ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು 68.7 ಶತಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಸಾರಿತು. ಆಗಿನ ಲೆಕ್ಕಕ್ಕೆ ಐದು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಆ ವರ್ಷ ಇಡೀ ಕರ್ನಾಟಕದ ಬಜೆಟ್ 2.65 ಲಕ್ಷ ಕೋಟಿ! ನನ್ನ ಹೆಂಡತಿ ರಾತ್ರಿ ಪಾತ್ರೆ ತೊಳೆದಿಟ್ಟು ಆಡುವ ಕ್ಯಾಂಡಿ ಕ್ರಷ್ ಕೂಡ ಆ ವ್ಯವಹಾರದಲ್ಲೇ ಮೈಕ್ರೋಸಾಫ್ಟ್ ಪಾಲಾಯಿತು. ಜನ ಬಿಟ್ಟಿರಲಾರದ ಆಟಗಳು ಕೈಯಲ್ಲಿದ್ದರೆ ಮೊಬೈಲಿನಲ್ಲಿ ತನ್ನದೇ ಸ್ಟೋರ್ ತೆರೆಯಬಹುದು ಎಂಬ ಆಲೋಚನೆಯನ್ನು ಇಂಥ ಖರೀದಿಗಳನ್ನು ಪರಿಶೀಲಿಸುವ ಬ್ರಿಟನ್ನಿನ ನಿಯಂತ್ರಕರ ಮುಂದೆ ಆ ಕಂಪನಿಯೇ ಹೇಳಿಕೊಂಡಿತ್ತು.

ಆ ನಿಯಂತ್ರಕರಿಗೆ ಇದ್ದ ಭಯ ಬೇರೆ. ಆಟ ಎಲ್ಲೋ ದೂರದ ಸರ್ವರ್‌ನಲ್ಲಿ ನಡೆದು, ಚಿತ್ರ ಮಾತ್ರ ನಮ್ಮ ಫೋನಿಗೆ ಬರುವ ಕ್ಲೌಡ್ ಗೇಮಿಂಗ್ ಪೂರ್ತಿ ಒಬ್ಬರ ಕೈಗೆ ಹೋದೀತು ಎಂದು 2023ರ ಏಪ್ರಿಲ್‌ನಲ್ಲಿ ವ್ಯವಹಾರ ತಡೆದರು. ಕ್ಲೌಡ್ ಹಕ್ಕುಗಳನ್ನು ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟ ಮೇಲೆಯೇ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದು. ಬರೀ ಸರ್ವರ್ ಇದ್ದರೆ ಸಾಲದು ಎಂಬುದಕ್ಕೆ ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾ ಸಾಕ್ಷಿ. 2019ರಲ್ಲಿ ಶುರುವಾಗಿ, ಜನ ಹುಡುಕಿಕೊಂಡು ಬರುವಂಥ ಸ್ವಂತ ಆಟಗಳಿಲ್ಲದೆ, 2023ರ ಜನವರಿಯಲ್ಲಿ ಮುಚ್ಚಿಹೋಯಿತು.

ಖರೀದಿ ಮುಗಿದು ಮೂರೇ ತಿಂಗಳಿಗೆ, 2024ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದ 1,900 ಜನರನ್ನು ಕೆಲಸದಿಂದ ತೆಗೆಯಿತು. ಬೆಂಗಳೂರಿನಲ್ಲೂ ವಿದೇಶಿ ಗೇಮ್ ಕಂಪನಿಗಳ ಸ್ಟುಡಿಯೊಗಳಿವೆ. ನಮ್ಮೂರ ಇಂಜಿನಿಯರಿಂಗ್ ಹುಡುಗರು ಅಲ್ಲಿಗೆ ಅರ್ಜಿ ಹಾಕುತ್ತಾರೆ. ಈ ರಂಗದ ಏರಿಳಿತ ಅವರಿಗೆ ಕನ್ನಡದಲ್ಲಿ ತಿಳಿಯುವುದು ಬೇಡವೇ? 2025ರ ಆಗಸ್ಟ್‌ನಲ್ಲಿ ಹಣ ಗೆಲ್ಲುವ ಆಸೆಗೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗಲೂ ಅಂಗಡಿಗೆ ಬಂದ ಎಷ್ಟೋ ತಂದೆತಾಯಿ ಎಲ್ಲ ಗೇಮೂ ಬಂದ್ ಆಯಿತೆಂದೇ ತಿಳಿದಿದ್ದರು.

ಆ ಪಿಯುಸಿ ಹುಡುಗನ ತಂದೆ ಮರುದಿನ ಬಂದು, "ನನ್ನ ನೂರು ರೂಪಾಯಿ ಎಲ್ಲಿ ಹೋತು?" ಎಂದು ಕೇಳಿದರು. ಹಳೆಯ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಮೂವತ್ತರ ಮೇಲೆ ಬೆರಳಿಟ್ಟು ಅವರು ಕೇಳಿದ್ದು: "ಇಷ್ಟು ಬರೀ ಬಾಗಿಲು ಕಾಯೋದಕ್ಕಾ?" ಅವರು ದಿನಾ ಬೆಳಿಗ್ಗೆ ನನ್ನ ಅಂಗಡಿ ಮುಂದೆ ನಿಂತೇ ನಿಮ್ಮ ಪತ್ರಿಕೆ ಓದುತ್ತಾರೆ. ವಾಣಿಜ್ಯ ಪುಟದಲ್ಲಿ ವಾರಕ್ಕೊಂದು ಅಂಕಣ ಈ ವಿಷಯಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

– ಮೊಬೈಲ್ ಅಂಗಡಿಯವ, ದಾವಣಗೆರೆ