ಭಾನುವಾರದ ವಿಷಯ: ಬೆಳ್ಳಿ ಮೇಲೆ ಕೂತ ಏರೋಪ್ಲೇನ್ ಚಿಟ್ಟೆ

ಎಲ್ಲರಿಗೂ ನಮಸ್ಕಾರ. ಈ ಸಲ ನ್ಯೂಯಾರ್ಕಿನ ಟಿಫನಿ ಕಂಪನಿ 1870ರ ದಶಕದಲ್ಲಿ ಮಾಡಿದ ಜಪಾನಿ ಶೈಲಿಯ ಬೆಳ್ಳಿ ಸಾಮಾನು ನೋಡೋಣ.

ಅಲ್ಲಿನ ಬೆಳ್ಳಿ ಕೆಲಸದ ಮುಖ್ಯಸ್ಥ ಎಡ್ವರ್ಡ್ ಸಿ. ಮೂರ್ ಜಪಾನಿನ ಕರಕುಶಲ ವಸ್ತುಗಳನ್ನು ಕೂಡಿಟ್ಟಿದ್ದರು, ಕೆಲಸಗಾರರು ಅವನ್ನೇ ನೋಡಿ ಕಲಿತರು. ಬೆಳ್ಳಿಯನ್ನು ಕನ್ನಡಿ ಹಾಗೆ ಹೊಳೆಸದೆ ಸುತ್ತಿಗೆ ಏಟಿನ ಗುರುತು ಹಾಗೇ ಬಿಟ್ಟರು, ಅದು ನೀರಿನ ಅಲೆಯಂತೆ ಕಾಣುತ್ತದೆ, ಅದರ ಮೇಲೆ ತಾಮ್ರ, ಬಂಗಾರದಂಥ ಬೇರೆ ಲೋಹಗಳಲ್ಲಿ ಮಾಡಿ ಕೂಡಿಸಿದ ಮೀನು, ಸೋರೆಬಳ್ಳಿ, ಏರೋಪ್ಲೇನ್ ಚಿಟ್ಟೆ. ಎಷ್ಟೋ ಪಾತ್ರೆಗಳಲ್ಲಿ ಚಿತ್ರ ನಡುವೆ ಇರಲ್ಲ, ಗಮನಿಸಿ. ಒಂದು ಪಕ್ಕಕ್ಕೆ ಸರಿದಿರುತ್ತದೆ, ಉಳಿದದ್ದು ಖಾಲಿ. ನನಗಂತೂ ಆ ಖಾಲಿ ಜಾಗವೇ ಜಾಸ್ತಿ ಇಷ್ಟ!

1878ರ ಪ್ಯಾರಿಸ್ ಪ್ರದರ್ಶನದಲ್ಲಿ ಟಿಫನಿ ಬೆಳ್ಳಿಗೆ ದೊಡ್ಡ ಬಹುಮಾನ ಬಂತು. ಇಂಗ್ಲೆಂಡಿನ ಬೆಳ್ಳಿ ಕೆಲಸದವರಿಗೆ ಇಂಥದ್ದು ಕಷ್ಟವಿತ್ತು, ಬೆಳ್ಳಿಗೆ ಬೇರೆ ಲೋಹ ಕೂಡಿಸಲು ಅಲ್ಲಿನ ಹಾಲ್‌ಮಾರ್ಕ್ ಕಾನೂನು ಬಿಡುತ್ತಿರಲಿಲ್ಲ.

ಮೂರ್ 1891ರಲ್ಲಿ ತೀರಿಕೊಂಡರು, ಅವರ ಸಂಗ್ರಹ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸೇರಿತು. ಮ್ಯೂಸಿಯಂ ವೆಬ್‌ಸೈಟಿನಲ್ಲಿ ಫೋಟೋಗಳಿವೆ. ಸುಮ್ನೆ ಫಾರ್ವರ್ಡ್ ಮಾಡಬೇಡಿ, ದೊಡ್ಡದು ಮಾಡಿ ರೆಕ್ಕೆ, ಎಲೆ ನೋಡಿ, ಇಷ್ಟವಾದ ಒಂದನ್ನು ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ.